ಕರಿಬೋಳ

ಮೊದಲನೆಯ ಗುರುತು ಕಂಡಾಗ ಕುಸುಮ ಹೆದರಿರಲಿಲ್ಲ. ಸಂಜೆ ಮಗಳ ಮೈ ತೊಳೆಯುವಾಗ ಎಡಗೈಯಲ್ಲಿ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಎರಡು ಪುಟ್ಟ ಕಮಾನುಗಳು ಎದುರುಬದುರಾಗಿ ಕೆಂಪಗೆ ಮೂಡಿದ್ದವು. ಬಳೆ ಒತ್ತಿರಬೇಕು ಎಂದುಕೊಂಡಳು. ಎರಡನೆಯದು ಕಂಡ ದಿನ ಕೈಯಲ್ಲಿ ಬಳೆ ಇರಲಿಲ್ಲ. ಮೂರನೆಯದರ ಹೊತ್ತಿಗೆ ಆ ಹಲ್ಲುಗಳು ಅವಳಿಗೆ ಪರಿಚಯವಾಗಿಬಿಟ್ಟಿದ್ದವು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಕೊಂಚ ಒಳಗೆ ಸರಿದಿತ್ತು. ಅಲ್ಲಿ ಕಮಾನು ತುಂಡಾಗುತ್ತಿತ್ತು. ಪ್ರತಿಸಲವೂ ಅದೇ ತುಂಡು. ಒಂದೇ ಬಾಯಿ.

"ಯಾರು ಪುಟ್ಟಾ ಕಚ್ಚಿದ್ದು?"

ಸಿಂಚನ ಮಗ್ಗಿನ ನೀರನ್ನು ತನ್ನ ಹೊಟ್ಟೆಯ ಮೇಲೆ ಸುರಿದುಕೊಂಡಳು.

"ನೋವಾಯ್ತಾ?"

"ಇನ್ನೊಂದು ಮಗ್ಗು ಹಾಕು," ಎಂದಳು ಮಗಳು.

ಮೂರು ವರ್ಷ ಎರಡು ತಿಂಗಳ ಮಗು. ಬೀದಿಯಲ್ಲಿ ಹೋಗುವ ಹೂವಿನವಳು ಯಾವ ಸೀರೆ ಉಟ್ಟಿದ್ದಳು ಎಂದು ರಾತ್ರಿ ಅಪ್ಪನಿಗೆ ಹೇಳುವ ಹುಡುಗಿ. ಈ ಒಂದು ಮಾತು ಬಂದರೆ ಮಾತ್ರ ಕಿವಿ ಕೇಳದವಳ ಹಾಗೆ ಆಗಿಬಿಡುತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದವಳು. ಅವಳ ಮೌನವನ್ನು ಕುಸುಮ ಮೊದಲು ಕಂಡಿರಲಿಲ್ಲ. ಗಾಯಕ್ಕಿಂತ ಅದೇ ಅವಳನ್ನು ಹೆಚ್ಚು ಹೆದರಿಸಿತು.

ಶಿಶುವಿಹಾರ ಮನೆಯಿಂದ ಎರಡು ಗಲ್ಲಿ ಆಚೆ. ಶಿಶುವಿಹಾರವೆಂದರೆ ಡೊರೊತಿ ಮಿಸ್ ಮನೆಯ ಮುಂದಿನ ಹಾಲ್, ಹದಿನಾಲ್ಕು ಮಕ್ಕಳು, ಸಹಾಯಕ್ಕೆ ಸ್ವೀಟಿ ಎಂಬ ಹುಡುಗಿ. ಗೋಡೆಯಲ್ಲಿ ಏಸುವಿನ ಪಟ, ಅದರ ಕೆಳಗೆ ಅ ಆ ಇ ಈ. ಮಂಡಿ ಮೊಹಲ್ಲಾದ ಅರ್ಧದಷ್ಟು ಅಮ್ಮಂದಿರು ಮಕ್ಕಳನ್ನು ಅಲ್ಲಿ ಬಿಟ್ಟೇ ಕೆಲಸಕ್ಕೆ ಹೋಗುತ್ತಿದ್ದರು. ಕುಸುಮ ಲಗ್ನಪತ್ರಿಕೆ ಅಚ್ಚು ಹಾಕುವ ನಂಜಯ್ಯನವರ ಅಂಗಡಿಯಲ್ಲಿ ಕರಡು ತಿದ್ದುತ್ತಿದ್ದಳು. ಅದು ಅಲ್ಲಿಂದ ಹತ್ತು ನಿಮಿಷದ ನಡಿಗೆ. ಇಷ್ಟು ಹತ್ತಿರದಲ್ಲಿ ಇನ್ನೊಂದು ಜಾಗ ಇರಲಿಲ್ಲ.

"ಹೆಸರು ಮಾತ್ರ ಕೇಳಬೇಡಿ ಕುಸುಮ," ಎಂದರು ಡೊರೊತಿ ಮಿಸ್. ಅರವತ್ತರ ಹತ್ತಿರದ ಹೆಂಗಸು; ಮಕ್ಕಳ ಮುಖ ನೋಡಲು ಸದಾ ಕನ್ನಡಕದ ಮೇಲಿನಿಂದ ಬಗ್ಗುತ್ತಿದ್ದರು, ದೊಡ್ಡವರನ್ನೂ ಹಾಗೇ ನೋಡುತ್ತಿದ್ದರು. "ಇವತ್ತು ನಿಮಗೆ ಒಂದು ಹೆಸರು ಹೇಳಿದ್ರೆ, ನಾಳೆ ನಿಮ್ಮ ಮಗಳ ಹೆಸರು ಇನ್ನೊಬ್ಬರಿಗೆ ಹೇಳ್ಬೇಕಾಗುತ್ತೆ."

"ನನ್ನ ಮಗಳು ಯಾರನ್ನೂ ಕಚ್ಚಲ್ಲ ಮಿಸ್."

"ಅದಕ್ಕೇ ಅವಳಿಗೆ ಕಲಿಸಿದೀನಿ. ಯಾರಾದ್ರೂ ಮೇಲೆ ಬಂದ್ರೆ ಕೈ ಹೀಗೆ ಮುಂದೆ ಚಾಚಿ, 'ಬೇಡ' ಅಂತ ಜೋರಾಗಿ ಹೇಳ್ಬೇಕು. ಸಿಂಚನಾ, ತೋರ್ಸು ಅಮ್ಮಂಗೆ."

ಸಿಂಚನ ಕೈ ಚಾಚಿದಳು. ಬಾಯಿ ಬಿಡಲಿಲ್ಲ.

"ಬರುತ್ತೆ, ಬರುತ್ತೆ. ನಾವು ಕಣ್ಣಿಟ್ಟಿರ್ತೀವಿ ಕಣಮ್ಮ."

ಕಣ್ಣಿಟ್ಟಿದ್ದರೆ ಮೂರು ಸಲ ಹೇಗಾಯಿತು ಎಂದು ಕುಸುಮಳಿಗೆ ಕೇಳಬೇಕೆನಿಸಿತು. ಮಗುವನ್ನು ಇವರ ಕೈಯಲ್ಲೇ ಬಿಟ್ಟು ಹೋಗಬೇಕಲ್ಲ ಎಂದು ನುಂಗಿಕೊಂಡಳು.

ಅವತ್ತಿನಿಂದ ಕೆಲಸದಲ್ಲಿ ಅವಳ ಕಿವಿಯೆಲ್ಲ ಫೋನಿನ ಮೇಲೆ. ಹನ್ನೆರಡು ಗಂಟೆಯಾಗುತ್ತಿದ್ದ ಹಾಗೆ ಎಡಗೈ ಮೊಣಕೈಯ ಕೆಳಗೆ, ಅದೇ ಜಾಗದಲ್ಲಿ, ಅವಳಿಗೇ ಜುಮ್ಮೆನ್ನುತ್ತಿತ್ತು.

"ಏನಮ್ಮಾ, ಹುಡುಗಿ ಕಡೆ ತಾತ, ಮುತ್ತಾತ, ಸೋದರಮಾವ ಎಲ್ಲ ಸರಿಯಾಗವ್ರೆ," ಎಂದು ನಂಜಯ್ಯ ಕರಡನ್ನು ಅವಳ ಮುಂದೆ ಹಿಡಿದರು. "ಗಂಡಿನ ಹೆಸರೇ ಇಲ್ವಲ್ಲ! ಸೋದರಮಾವನೇ ತಾಳಿ ಕಟ್ಬೇಕಾ?"

ಅಂಗಡಿಯವರೆಲ್ಲ ನಕ್ಕರು. ಕುಸುಮ ಕೂಡ ನಕ್ಕಳು. ನಗುತ್ತಲೇ ಗೋಡೆ ಗಡಿಯಾರ ನೋಡಿದಳು. ಹನ್ನೆರಡೂ ಐದು.

ಒಂದು ದಿನ ಅವಳಿಗೆ ಕುಳಿತಿರಲಾಗಲಿಲ್ಲ. ಊಟದ ಬಿಡುವಿಗೆ ಮುಂಚೆಯೇ ಎದ್ದು, ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ನಡೆದಳು. ಡೊರೊತಿ ಮಿಸ್ ಮನೆಯ ಪಕ್ಕದ ಗಲ್ಲಿಯಲ್ಲಿ ಹಾಲ್‌ನ ಕಿಟಕಿ ಇತ್ತು. ಸರಳುಗಳ ನಡುವಿನಿಂದ ನೋಡಿದಳು.

ಮಕ್ಕಳು ಗೋಡೆಯುದ್ದಕ್ಕೂ ಚಾಪೆಯ ಮೇಲೆ ಕೂತಿದ್ದರು. ಡಬ್ಬಿಗಳಲ್ಲಿದ್ದ ಊಟವನ್ನು ಬಿಸಿ ಮಾಡಲು ಸ್ವೀಟಿ ಒಳಗೆ ಹೋಗಿದ್ದಳು. ಅಡುಗೆಮನೆಯಿಂದ ಪಾತ್ರೆಯ ಸದ್ದು ಬರುತ್ತಿತ್ತು. ಡೊರೊತಿ ಮಿಸ್ ಬಾಗಿಲಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು, ಬೆನ್ನು ಇತ್ತ ಕಡೆ. ನೀಲಿ ಚಡ್ಡಿಯ ಹುಡುಗನೊಬ್ಬ ಎದ್ದ. ದುಂಡು ಮುಖ, ಒದ್ದೆ ಗಲ್ಲ. ಯಾವ ಸಿಟ್ಟೂ ಇಲ್ಲದೆ, ನಲ್ಲಿಯ ಹತ್ತಿರ ನೀರು ಕುಡಿಯಲು ಹೋಗುವವನ ಹಾಗೆ, ಚಾಪೆಯುದ್ದಕ್ಕೂ ನಡೆದು ಸಿಂಚನಳ ಮುಂದೆ ನಿಂತ.

ಸಿಂಚನ ಅವನನ್ನು ನೋಡಿದಳು. ಓಡಲಿಲ್ಲ. ಅಳಲಿಲ್ಲ. ಕೈಯನ್ನು ಮುಂದೆ ಚಾಚಿದಳು.

ಕಲಿಸಿದ ಹಾಗೇ ಚಾಚಿದಳು. ಮಾತು ಮಾತ್ರ ಬರಲಿಲ್ಲ. ಹುಡುಗ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಕೊಟ್ಟಿದ್ದನ್ನು ತೆಗೆದುಕೊಳ್ಳುವವನಂತೆ, ಬಾಯಿಗಿಟ್ಟುಕೊಂಡ.

ಕುಸುಮ ಸರಳು ಬಡಿದು ಕೂಗಿದಳು. ಸ್ವೀಟಿ ಓಡಿ ಬಂದಳು, ಡೊರೊತಿ ಮಿಸ್ ತಿರುಗಿದರು, ಎಲ್ಲ ಮಕ್ಕಳೂ ಒಟ್ಟಿಗೆ ಅತ್ತರು. ಸಿಂಚನ ಮಾತ್ರ ಕಿಟಕಿಯಲ್ಲಿದ್ದ ಅಮ್ಮನನ್ನು ನೋಡುತ್ತ ಕೂತಿದ್ದಳು, ಚಾಚಿದ ಕೈ ಹಾಗೇ ಇತ್ತು.

"ಅವನ ಮನೇಲಿ ಮಾತಾಡ್ತೀನಿ," ಎಂದರು ಡೊರೊತಿ ಮಿಸ್. "ಇವತ್ತೇ ಮಾತಾಡ್ತೀನಿ."

ಸಂಜೆ ಗೇಟಿನ ಹತ್ತಿರ ಅವನ ಮನೆಯವರು ಸಿಕ್ಕರು. ಹುಡುಗನ ಹೆಸರು ಸುಪ್ರೀತ್. ಕರೆದುಕೊಂಡು ಹೋಗಲು ಬರುತ್ತಿದ್ದವರು ಅವನ ತಾತ ನಂಜುಂಡಸ್ವಾಮಿ, ಇಸ್ತ್ರಿ ಮಾಡಿದ ಬಿಳಿ ಶರಟಿನ, ಮೆತ್ತನೆ ಮಾತಿನ ಮನುಷ್ಯ. ಕುಸುಮಳನ್ನು ಕಂಡು ಎರಡೂ ಕೈ ಜೋಡಿಸಿಬಿಟ್ಟರು.

"ಮಿಸ್ ಹೇಳಿದ್ರು ಕಣ್ರಮ್ಮ. ನಮಗೂ ನಾಚಿಕೆಯಾಗುತ್ತೆ. ಮನೇಲಿ ಒಂದು ಇರುವೆಗೂ ತೊಂದ್ರೆ ಕೊಡಲ್ಲ ಇವನು. ಬಯ್ದು ಹೇಳ್ತೀವಿ."

ವಯಸ್ಸಾದವರು ಕೈ ಜೋಡಿಸಿದಾಗ ಏನು ಹೇಳುವುದು? ಅವರು ಸ್ಕೂಟರಿನ ಸ್ಟ್ಯಾಂಡ್ ತೆಗೆಯಲು ತಿರುಗಿದರು. ಹುಡುಗ ಕುಸುಮಳ ಮುಂದೆ ನಿಂತಿದ್ದ. ಅವಳನ್ನು ನೋಡಿ ನಕ್ಕ. ಮೇಲಿನ ಸಾಲಿನಲ್ಲಿ ಒಳಗೆ ಸರಿದ ಆ ಹಲ್ಲು ಕಂಡಿತು.

ಅವಳು ಬಗ್ಗಿದಳು. ಮಗುವಿನ ಕಿವಿಯ ಹತ್ತಿರ ಬಾಯಿಟ್ಟು, ತನಗೇ ಗುರುತು ಸಿಗದ ದನಿಯಲ್ಲಿ ಹೇಳಿದಳು: "ಇನ್ನೊಂದು ಸಲ ನನ್ನ ಮಗಳನ್ನ ಮುಟ್ಟಿದ್ರೆ ನಿನ್ನ ಹಲ್ಲನ್ನೆಲ್ಲ ಒಂದೊಂದಾಗಿ ಕಿತ್ತು ಹಾಕ್ತೀನಿ."

ನಗು ನಿಂತಿತು. ಹುಡುಗನ ಕೆಳದುಟಿ ಅದುರಿತು.

"ಆಂಟಿ ಏನಂದ್ರೋ? ಟಾಟಾ ಮಾಡು ಆಂಟಿಗೆ," ಎಂದರು ತಾತ. ಹುಡುಗ ಟಾಟಾ ಮಾಡಿದ.

ಮರುದಿನ ಹನ್ನೆರಡೂ ಹದಿನೈದಕ್ಕೆ ಫೋನ್ ಬಂತು. ಈ ಸಲ ಚರ್ಮ ಹರಿದು ರಕ್ತ ಬಂದಿತ್ತು.

ಡಾಕ್ಟರು ಗಾಯ ತೊಳೆದು ಮುಲಾಮು ಹಚ್ಚಿ, ಗಾಳಿಯಾಡಲಿ ಎಂದು ಪಟ್ಟಿ ಕಟ್ಟದೆ ಕಳಿಸಿದರು. ಹೂಟಗಳ್ಳಿಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ಗಂಡ ಸ್ವರೂಪ್ ಮಗಳ ಕೈ ನೋಡಿ ಹಲ್ಲು ಕಚ್ಚಿದ. "ಇವಳಿಗೂ ಹಲ್ಲಿಲ್ವಾ? ಒಂದ್ಸಲ ತಿರುಗಿಸಿ ಕಚ್ಚೋಕೆ ಹೇಳ್ಕೊಡು, ಮುಗೀತು," ಎಂದು, ಆಮೇಲೆ ಅವಳನ್ನು ಎದೆಗೆ ಹಾಕಿಕೊಂಡು ಕೂತ.

ತಾನು ಆ ಹುಡುಗನಿಗೆ ಹೇಳಿದ್ದನ್ನು ಕುಸುಮ ಯಾರಿಗೂ ಹೇಳಲಿಲ್ಲ. ಅವಳ ಲೆಕ್ಕಕ್ಕೆ, ರಕ್ತ ಬಂದದ್ದು ಆ ಮಾತಿನಿಂದಲೇ. ಇನ್ನು ಮುಂದೆ ಏನಾಗುತ್ತದೋ. ಕೈಯಾಯಿತು, ನಾಳೆ ಕೆನ್ನೆ, ನಾಡಿದ್ದು ಕಣ್ಣು.

ಅತ್ತೆ ದೇವಿರಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಬಂದು ಸೊಸೆಯ ಪಕ್ಕ ಕೂತರು. ಮಂಡಕಳ್ಳಿ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದು ನಾಲ್ಕು ವರ್ಷವಾಗಿದ್ದರೂ ಅವರ ಮಾತು ಅಲ್ಲಿಯದೇ.

"ಆ ಮಿಸ್ಸು ಕಲ್ಸದು ಗಿಲ್ಸದು ಬುಡು ಕಣಮ್ಮಿ. ಇವ್ಳಿಗೆ ಹಾಲು ಬುಡಿಸಿದ್ದು ಎಂಗೆ? ಕರಿಬೋಳ. ಒಂದ್ಸಲ ಕಹಿ ಹತ್ತುದ್ರೆ ಮತ್ತೆ ಬಾಯಿ ಹಾಕಿದ್ಲಾ? ಅಂಗೇ ಆ ಕಚ್ಚೋ ಐದಂಗೂ. ಕೈಗೆ ಬಳ್ದು ಕಳ್ಸು."

ಕುಸುಮ ಬೇಡವೆನ್ನಲಿಲ್ಲ.

ಗ್ರಂಥಿಗೆ ಅಂಗಡಿಯವನು ಕರಿಬೋಳದ ಕಪ್ಪು ತುಂಡನ್ನು ಕಾಗದದಲ್ಲಿ ಸುತ್ತುತ್ತ ಕೇಳಿದ, "ಹಾಲು ಬಿಡ್ಸೋಕಾ ಅಕ್ಕಾ?"

"ಹೂಂ."

"ತೆಳ್ಳಗೆ ಹಚ್ಚಿ. ಜಾಸ್ತಿ ಹೊಟ್ಟೆಗೆ ಹೋದ್ರೆ ಮಕ್ಕಳಿಗೆ ಭೇದಿ ಕಿತ್ಕೊಂಡ್ಬಿಡುತ್ತೆ."

ಬೆಳಿಗ್ಗೆ ಕಲ್ಲಿನ ಮೇಲೆ ನೀರು ಹಾಕಿ ತೇಯುವಾಗ ಆ ಮಾತು ನೆನಪಿತ್ತು. ತೆಳ್ಳಗೆ ತೇಯಬಹುದಿತ್ತು. ಅವಳು ಗಟ್ಟಿಯಾಗಿಯೇ ತೇಯ್ದಳು. ಗಾಯವನ್ನು ಬಿಟ್ಟು ಸುತ್ತ ಬಳಿದಳು, ಎಡಗೈಗೆ, ಬಲಗೈಗೆ, ಮುಂಗೈವರೆಗೆ. ಸಿಂಚನ ಅಲ್ಲಾಡದೆ ನಿಂತಿದ್ದಳು. ಆ ಕಪ್ಪು ಕಂಡ ಕೂಡಲೇ ಅವಳ ಮುಖದಲ್ಲಿ ಏನೋ ಸರಿದ ಹಾಗಾಯಿತು.

"ಇದು ಕಹಿ ಅಲ್ವಾ ಅಮ್ಮಾ?"

"ಹೂಂ ಪುಟ್ಟಾ. ಕಹಿ. ಬಾಯಿಗೆ ಹಾಕ್ಕೋಬಾರ್ದು. ಇನ್ನು ನಿನ್ನನ್ನ ಯಾರೂ ಮುಟ್ಟಲ್ಲ."

ಎರಡು ವರ್ಷ ತುಂಬಿದಾಗ ಹಾಲು ಬಿಡಿಸಿದ್ದು. ಅವತ್ತು ಅತ್ತೆ ತೇಯ್ದುಕೊಟ್ಟಿದ್ದನ್ನು ಕುಸುಮ ಎದೆಗೆ ಹಚ್ಚಿಕೊಂಡು ಕೂತಿದ್ದಳು. ಮಗು ಓಡಿ ಬಂದು ಬಾಯಿಟ್ಟಿತು. ಬಾಯಿ ತೆಗೆದು, ಎದೆಯನ್ನಲ್ಲ, ಅಮ್ಮನ ಮುಖವನ್ನು ನೋಡಿತು. "ಅಮ್ಮ ಕಹಿ," ಎಂದಿತು. ಅಳಲಿಲ್ಲ. ಎದ್ದು ಅಜ್ಜಿಯ ಹತ್ತಿರ ಹೋಯಿತು. ಆಮೇಲೆ ಎಂಟು ದಿನ ತೊಡೆಗೂ ಬರಲಿಲ್ಲ. ಒಂದೇ ದಿನಕ್ಕೆ ಬಿಟ್ಟಳು, ಎಷ್ಟು ಜಾಣೆ ಎಂದು ಬಂದವರೆಲ್ಲ ಹೊಗಳಿದರು. ಕುಸುಮ ತುಂಬಿ ಕಲ್ಲಾದ ಎದೆಯನ್ನು ಹಿಡಿದುಕೊಂಡು ಬಚ್ಚಲಲ್ಲಿ ನಿಂತು ಅತ್ತಿದ್ದಳು. ಯಾಕೆ ಅಳು ಬಂತು ಎಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಲು ಕಟ್ಟಿದ ನೋವು ಎಂದುಕೊಂಡಿದ್ದಳು.

ಮಗಳನ್ನು ಬಿಟ್ಟು ಬರುವಾಗ ಅವಳಿಗೆ ಎಷ್ಟೋ ದಿನದ ನಂತರ ಉಸಿರು ಸಲೀಸಾಗಿತ್ತು. ಹತ್ತು ಗಂಟೆಯವರೆಗೆ ಹಾಗೇ ಇತ್ತು. ಹತ್ತಕ್ಕೆ, ಅಕ್ಷತೆಯ ಚಿತ್ರವಿರುವ ಕಾರ್ಡೊಂದನ್ನು ತಿರುವಿ ಹಾಕುತ್ತಿದ್ದಾಗ, ಅಂಗಡಿಯವನ ಮಾತು ಮತ್ತೆ ಕೇಳಿಸಿತು. ಆ ಹುಡುಗ ಕಚ್ಚಿದರೆ ಸುಮ್ಮನೆ ಬಿಡುವವನಲ್ಲ, ಹೀರುವ ಹಾಗೆ ಹಿಡಿಯುತ್ತಾನೆ. ಎಷ್ಟು ಹೊಟ್ಟೆಗೆ ಹೋದೀತು? ಗಟ್ಟಿಯಾಗಿ ಬಳಿದಿದ್ದೇನಲ್ಲ. ಅವನ ಕೆಳದುಟಿ ಅದುರಿದ್ದು ಕಣ್ಣ ಮುಂದೆ ಬಂತು. ಬಿಳಿ ಶರಟಿನ ತಾತ ಅವನನ್ನು ಎತ್ತಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಬಂತು. ಮೂರು ವರ್ಷದ ಮಗುವಿಗೆ ವಿಷ ಇಟ್ಟವಳು. ಹೋಗಿ ತೊಳೆದು ಬರಲೇ? ತೊಳೆದರೆ ಇವಳ ಗತಿ? ಎದ್ದಳು, ಕೂತಳು. ಮತ್ತೆ ಎದ್ದಳು.

ಹನ್ನೊಂದೂ ಮುಕ್ಕಾಲಿಗೆ ಫೋನ್ ಬಂತು.

"ಕುಸುಮ, ಸ್ವಲ್ಪ ಬರ್ತೀರಾ?" ಡೊರೊತಿ ಮಿಸ್ ದನಿ ತಗ್ಗಿತ್ತು. ಹಿಂದೆ ಮಕ್ಕಳ ಸದ್ದೇ ಇರಲಿಲ್ಲ.

"ಏನಾಯ್ತು ಮಿಸ್? ಅವನಿಗೇನಾಯ್ತು?"

"ಯಾರಿಗೆ?" ಎಂದರು ಅವರು. "ಬನ್ನಿ ನೀವು."

ಹತ್ತು ನಿಮಿಷದ ದಾರಿ. ಮಂಡಿಯ ಮುಂದೆ ಲಾರಿಯಿಂದ ಚೀಲ ಇಳಿಸುತ್ತಿದ್ದರು. ಚೀಲಗಳ ಸಂದಿಯಲ್ಲೇ ನುಗ್ಗಿದಳು. ಅವನು ವಾಂತಿ ಮಾಡಿಕೊಂಡಿರಬೇಕು. ಏನು ತಿಂದ ಎಂದು ಡಾಕ್ಟರು ಕೇಳುತ್ತಾರೆ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾನು ಹೇಳದಿದ್ದರೆ ಅವನು… ಗಲ್ಲಿ ತಿರುಗಿದಾಗ ಮನೆಯ ಮುಂದೆ ಆಟೋ ಇರಲಿಲ್ಲ, ಜನ ಇರಲಿಲ್ಲ. ಅದರಿಂದ ಇನ್ನೂ ಭಯವಾಯಿತು.

ಹಾಲ್‌ನಲ್ಲಿ ಮಕ್ಕಳೆಲ್ಲ ಒಂದು ಗೋಡೆಗೆ ಸೇರಿ ಕೂತಿದ್ದರು. ಅವರ ನಡುವೆ ಸ್ವೀಟಿಯ ತೊಡೆಯ ಮೇಲೆ ಸುಪ್ರೀತ್. ಅವನ ಗಲ್ಲ ಎಂದಿನಂತೆ ಒದ್ದೆಯಾಗಿತ್ತು, ಕೈಯಲ್ಲಿ ಬಿಸ್ಕತ್ತು. ಅವನಿಗೇನೂ ಆಗಿರಲಿಲ್ಲ. ಎಲ್ಲರೂ ಎದುರು ಮೂಲೆಯನ್ನು ನೋಡುತ್ತಿದ್ದರು.

ಅಲ್ಲಿ, ಚಪ್ಪಲಿ ಗೂಡಿನ ಪಕ್ಕ, ಸಿಂಚನ ನಿಂತಿದ್ದಳು. ಎರಡು ಕೈಗಳನ್ನೂ ಮೈಯಿಂದ ದೂರ, ಒಣಗಲು ಹಾಕಿದವಳಂತೆ ಹಿಡಿದಿದ್ದಳು. ಲಂಗ ಒದ್ದೆಯಾಗಿತ್ತು, ಕಾಲ ಬಳಿ ನೀರು ನಿಂತಿತ್ತು.

"ಬೆಳಗ್ಗಿಂದ ಹೀಗೇ ನಿಂತಿದಾಳೆ," ಎಂದರು ಡೊರೊತಿ ಮಿಸ್. "ಮೊದಲು ಆಟ ಅಂದ್ಕೊಂಡೆ. ನೀರು ಕುಡಿದಿಲ್ಲ, ಬಿಸ್ಕತ್ತು ಮುಟ್ಟಿಲ್ಲ. ಒಂದಕ್ಕೆ ಕರ್ಕೊಂಡು ಹೋಗೋಕೂ ಬಿಡಲ್ಲ. ಯಾರು ಹತ್ರ ಹೋದ್ರೂ ಕಿರುಚ್ತಾಳೆ. 'ನಾನು ಕಹಿ, ನಾನು ಕಹಿ' ಅಂತ. ಆ ಹುಡುಗ ಹೋದಾಗ್ಲೂ ಅಷ್ಟೇ, ಅವನು ಹೆದರಿ ಓಡಿ ಬಂದ. ಏನದು ಕುಸುಮ, ಅವಳ ಕೈಗೆ?"

ಕರಿಬೋಳ ತನ್ನ ಕೆಲಸ ಮಾಡಿತ್ತು. ಯಾರೂ ಅವಳನ್ನು ಮುಟ್ಟಿರಲಿಲ್ಲ.

"ಪುಟ್ಟಾ," ಎಂದು ಕುಸುಮ ಒಂದು ಹೆಜ್ಜೆ ಇಟ್ಟಳು.

ಸಿಂಚನ ಕೈ ಮುಂದೆ ಚಾಚಿದಳು. ಅಂಗೈ ನೆಟ್ಟಗೆ, ಬೆರಳು ಬಿಡಿಸಿ, ಮಿಸ್ ಕಲಿಸಿದ ಹಾಗೇ.

"ಬೇಡ!"

ಆ ಮಾತು ಹಾಲ್ ತುಂಬ ಕೇಳಿಸಿತು. ಇಷ್ಟು ದಿನ ಬಾರದಿದ್ದದ್ದು ಈಗ ಬಂದಿತ್ತು.

"ಬೇಡ ಅಮ್ಮಾ! ನಾನು ಕಹಿ. ನಿಂಗೆ ಕಹಿ ಆಗುತ್ತೆ."

ಕುಸುಮ ಅಲ್ಲೇ ನೆಲದ ಮೇಲೆ ಕೂತು, ಡೊರೊತಿ ಮಿಸ್ ಕಡೆ ತಿರುಗದೆ ಹೇಳಿದಳು. ಕರಿಬೋಳ ಎಂದಳು. ಹಾಲು ಬಿಡಿಸಲು ಹಚ್ಚುವಂಥದ್ದು ಎಂದಳು. ಅವನು ಕಚ್ಚಲಿ, ಕಚ್ಚಿ ಅನುಭವಿಸಲಿ ಅಂತ ಬೇಕೆಂದೇ ಗಟ್ಟಿಯಾಗಿ ಹಚ್ಚಿದೆ ಎಂದಳು. ಅವನ ಕಿವಿಯಲ್ಲಿ ತಾನು ಹೇಳಿದ್ದನ್ನೂ ಹೇಳಿದಳು. ಸ್ವೀಟಿ ಸುಪ್ರೀತನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಡೊರೊತಿ ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಐದು ಸಲವೂ ಊಟಕ್ಕೆ ಮುಂಚಿನ ಕಾಲು ಗಂಟೆಯಲ್ಲೇ ಆಗಿದೆ," ಎಂದರು. "ಸ್ವೀಟಿ ಒಳಗೆ ಹೋಗೋ ಹೊತ್ತು. ಮಕ್ಕಳಿಗೆ ಹಸಿವು, ಸುಮ್ನೆ ಕೂರಿಸಿರ್ತೀವಿ. ನನಗೆ ಗೊತ್ತಿತ್ತು ಕಣಮ್ಮ. ಗೊತ್ತಿದ್ದೂ ನಿಮ್ಮ ಮಗಳಿಗೆ ಕೈ ಚಾಚೋದು ಕಲಿಸಿದೆ. ಸೋಮವಾರದಿಂದ ಊಟ ಬಿಸಿ ಮಾಡಲ್ಲ. ಆ ಹೊತ್ತಲ್ಲಿ ಅವನ ಪಕ್ಕ ನಾನೇ ಕೂತಿರ್ತೀನಿ. ಅವನ ಕಿವಿಯಲ್ಲಿ ನೀವು ಹೇಳಿದ್ದನ್ನ ಅವನ ತಾತನಿಗೆ ನೀವೇ ಹೇಳ್ಬೇಕು."

"ಹೇಳ್ತೀನಿ."

ಸಾಕಾಗುತ್ತದೋ ಇಲ್ಲವೋ ಕುಸುಮಳಿಗೆ ಗೊತ್ತಿರಲಿಲ್ಲ. ಸೋಮವಾರವೂ ಹನ್ನೆರಡು ಗಂಟೆ ಆಗುತ್ತದೆ, ಮೊಣಕೈ ಕೆಳಗೆ ಜುಮ್ಮೆನ್ನುತ್ತದೆ. ಸ್ವೀಟಿ ಒದ್ದೆ ಬಟ್ಟೆ, ಕೊಬ್ಬರಿ ಎಣ್ಣೆ ತಂದು ಪಕ್ಕದಲ್ಲಿಟ್ಟಳು. ಬಟ್ಟೆ ಎತ್ತಿದ ಕೂಡಲೇ ಸಿಂಚನ ಮತ್ತೆ ಕಿರುಚಿದಳು. ಕುಸುಮ ಬಟ್ಟೆ ಕೆಳಗಿಟ್ಟಳು.

ಕೂತಲ್ಲಿಂದಲೇ ಮಂಡಿಯ ಮೇಲೆ ಸರಿದು ಸರಿದು ಹೋದಳು. ಮಗಳು ಚಾಚಿದ ಕೈಗೆ ತನ್ನ ಮುಖ ತಾಗುವಷ್ಟು ಹತ್ತಿರ ಬಂದಳು.

"ಕೈ ಕಹಿ ಅಲ್ಲ ಪುಟ್ಟಾ. ಅಮ್ಮ ಹಚ್ಚಿದ್ದು ಕಹಿ. ಅಮ್ಮ ತಪ್ಪು ಮಾಡಿದ್ದು."

ಸಿಂಚನ ನಂಬಲಿಲ್ಲ. ಅವಳ ಕಣ್ಣು ಅಮ್ಮನ ಬಾಯಿಯ ಮೇಲಿತ್ತು.

ಕುಸುಮ ಆ ಕೈಗೆ ಬಾಯಿಟ್ಟಳು. ನಾಲಗೆ ಸೋಕಿದ ಕೂಡಲೇ ಕಹಿ ಗಂಟಲಿಗೆ, ಕಿವಿಗೆ, ಕಣ್ಣಿಗೆ ಹತ್ತಿತು. ಮಗಳು ಮುಖ ನೋಡುತ್ತಿದ್ದಳು, ಅವತ್ತು ನೋಡಿದ ಹಾಗೇ. ಹುಬ್ಬು ಗಂಟಿಕ್ಕದ ಹಾಗೆ, ತುಟಿ ಸೊಟ್ಟಗಾಗದ ಹಾಗೆ ಹಿಡಿದುಕೊಂಡಳು. ನೆಕ್ಕಿದಳು, ವೇಲಿಗೆ ಬಾಯಿ ಒರೆಸಿದಳು, ಮತ್ತೆ ನೆಕ್ಕಿದಳು. ಕಪ್ಪು ಬಿಡುತ್ತ ಬಂತು. ಕಹಿಯ ಕೆಳಗೆ ಉಪ್ಪು ಸಿಕ್ಕಿತು. ಅದರ ಪಕ್ಕದಲ್ಲಿ ಹಲ್ಲುಗಳ ಕಮಾನು. ನಾಲಗೆಗೆ ಆ ತುಂಡಾದ ಜಾಗವೂ ಸಿಕ್ಕಿತು. ಅಲ್ಲಿ ಅವಳು ಮೆಲ್ಲಗೆ ತುಟಿ ಇಟ್ಟಳು.

"ಕಹಿನಾ?"

"ಇತ್ತು. ಈಗಿಲ್ಲ. ನೋಡು."

ಸಿಂಚನ ತನ್ನ ಕೈಯನ್ನು ನೋಡಿಕೊಂಡಳು. ತಿರುಗಿಸಿ ನೋಡಿದಳು. ಅಮ್ಮನ ಮುಖ ನೋಡಿದಳು. ಆಮೇಲೆ ಏನೂ ಹೇಳದೆ, ಯಾರೂ ಕೇಳದೆ, ಇನ್ನೊಂದು ಕೈಯನ್ನು ಮುಂದೆ ಚಾಚಿದಳು.

ಕಿಟಕಿಯ ಸರಳಿನಾಚೆಯಿಂದ ಅವತ್ತು ಕಂಡಿದ್ದು ಹೀಗೇ ಚಾಚಿದ ಕೈ. ಕುಸುಮ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಯಿಡುವ ಮುಂಚೆ, ಮೊದಲ ಸಲ ಕೇಳಿದಳು.

"ಕೊಡ್ತೀಯಾ ಪುಟ್ಟಾ? ಬೇಡ ಅಂದ್ರೆ ಬೇಡ."

ಸಿಂಚನ ಯೋಚಿಸುತ್ತ ನಿಂತಳು. ಕುಸುಮ ಬಾಯಿ ತುಂಬ ಕಹಿ ಇಟ್ಟುಕೊಂಡು ಕಾದಳು.